ಹಳೇ ಗುರುತು ಮುಟ್ಟಬೇಡ

ಪುಟ್ಟೀ, ಅಜ್ಜಿಯ ಕಥೆಗಳನ್ನು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಮಾಡ್ತೀನಿ ಅಂದೆಯಲ್ಲ, ಸಂತೋಷವಾಯಿತು. ಯಾರ ಖಾತೆಯೂ ಬೇಡ, ಫೀಡನ್ನು ನಾನೇ ಬರೆದು ನಮ್ಮದೇ ಸೈಟಿನಲ್ಲಿ ಇಡ್ತೀನಿ ಅಂದದ್ದಂತೂ ಇನ್ನೂ ಸಂತೋಷ. ‘ಈ ಕಾಲದಲ್ಲಿ ಅದನ್ನು ಯಾರು ಕೈಯಲ್ಲಿ ಬರೀತಾರೆ’ ಅಂತ ನಿಮ್ಮಪ್ಪ ನಕ್ಕನಂತೆ. ನಗಲಿ ಬಿಡು. ಅವನು ಸಂಜೆ ವಾಕಿಂಗಿನಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ಪಾಡ್‌ಕಾಸ್ಟ್ ಬರುವುದೂ ಆರ್‌ಎಸ್‌ಎಸ್ ಫೀಡಿನ ದಾರಿಯಲ್ಲೇ. ಫೀಡುಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಬಾಗಿಲು ಹಾಕಿದಾಗ ಫೀಡಿನ ಕಾಲ ಮುಗೀತು ಅಂದವರು ಬಹಳ ಜನ. ಮುಚ್ಚಿದ್ದು ಒಂದು ಅಂಗಡಿ, ಅಷ್ಟೇ. 2002ರಲ್ಲಿ ಬಂದ ಆರ್‌ಎಸ್‌ಎಸ್ 2.0 ಇವತ್ತಿಗೂ ಓಡುತ್ತಿದೆ.

ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ಕೇಳಿದೆ. ಫೀಡ್‌ಫಾರ್‌ಆಲ್‌ನಂಥವು ಅರ್ಜಿ ಫಾರಂ ಇದ್ದ ಹಾಗೆ: ಶೀರ್ಷಿಕೆ, ವಿವರಣೆ, ತಾರೀಖು ತುಂಬಿದರೆ ಎಕ್ಸ್‌ಎಂಎಲ್ ಫೈಲನ್ನು ಅದೇ ಬರೆದುಕೊಡುತ್ತದೆ. ವಿಸಿಕ್ಯಾಲ್ಕ್ ಎಂಬ ಮೊದಮೊದಲ ಸ್ಪ್ರೆಡ್‌ಶೀಟನ್ನು ರೂಪಿಸಿದ ಡ್ಯಾನ್ ಬ್ರಿಕ್ಲಿನ್ ಕೂಡ ಇದೇ ಕೆಲಸಕ್ಕೆ ಲಿಸ್ಟ್‌ಗಾರ್ಡನ್ ಅಂತ ಒಂದು ಪ್ರೋಗ್ರಾಂ ಬರೆದಿದ್ದ. ಇಂಥದ್ದರಲ್ಲಿ ಒಂದೆರಡು ಕಂತು ತುಂಬಿ ನೋಡು. ಆಮೇಲೆ ಅದು ಬರೆದ ಫೈಲನ್ನು ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಲ್ಲಿ ತೆರೆದು ಸಾಲು ಸಾಲಾಗಿ ಓದು. ಹೀಗೆ ಒಂದು ವಾರ ಓದಿದರೆ ಫಾರಂ ಬೇಡವೇ ಬೇಡ ಅನ್ನಿಸುತ್ತದೆ. ವರ್ಡಿನಲ್ಲಿ ಮಾತ್ರ ಬರೆಯಬೇಡ. ಅದು ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಅಂದಕ್ಕೆಂದು ಬಾಗಿಸಿಡುತ್ತದೆ, ಟ್ಯಾಗಿನೊಳಗೆ ಹಾಗೆ ಬಾಗಿದರೆ ಫೀಡು ಅಲ್ಲೇ ಕೆಡುತ್ತದೆ.

ಎಕ್ಸ್‌ಎಂಎಲ್‌ಗೆ ದಾಕ್ಷಿಣ್ಯ ಅನ್ನುವುದೇ ಇಲ್ಲ. ವೆಬ್ ಪುಟದಲ್ಲಿ ತಪ್ಪಿದ್ದರೆ ಬ್ರೌಸರು ಹೊಂದಿಸಿಕೊಂಡು ತೋರಿಸುತ್ತದೆ. ಇಲ್ಲಿ ‘ನರಿ & ಮೊಸಳೆ’ ಅಂತ ಒಂದು ಶೀರ್ಷಿಕೆ ಕೊಟ್ಟೆಯೋ, ಆ ಒಂದು ಚಿಹ್ನೆಗೆ ಇಡೀ ಫೀಡು ಮುರಿದುಬೀಳುತ್ತದೆ. ಅದರ ಬದಲಿ ರೂಪ ಬರೆಯಬೇಕು, ಇಲ್ಲವೇ ಕನ್ನಡದಲ್ಲಿ ‘ಮತ್ತು’ ಅನ್ನಬೇಕು. ನಾನಂತೂ ‘ಮತ್ತು’ ಪಕ್ಷ.

ಅಜ್ಜಿಯ ಕೆಲವು ಕಥೆಗಳನ್ನು ಹಿಂದೆ ನಿಮ್ಮತ್ತೆ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದಾಳೆ. ಅದನ್ನು ಹಾಗೇ ತಂದು ಅಂಟಿಸಿದರೆ ಕೇಳುಗರ ಫೋನಿನಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಬದಲಾಯಿಸು, ಫೈಲನ್ನು ಯುಟಿಎಫ್-8ರಲ್ಲೇ ಉಳಿಸು.

ತಾರೀಖಿನ ಸಾಲನ್ನು ಕನ್ನಡದಲ್ಲಿ ಬರೆಯುವ ಆಸೆ ಬೇಡ, ವಾರ ಮತ್ತು ತಿಂಗಳು ಇಂಗ್ಲಿಷಿನ ಮೂರಕ್ಷರದಲ್ಲೇ ಇರಬೇಕು. ಕೊನೆಗೆ +0530 ಹಾಕು. ಬೆಳಗ್ಗೆ ಆರು ಅಂತ ಬರೆದು ಜಿಎಂಟಿ ಅಂದುಬಿಟ್ಟರೆ ನಮ್ಮ ಲೆಕ್ಕಕ್ಕೆ ಅದು ಹನ್ನೊಂದೂವರೆ ಗಂಟೆ. ಆಡಿಯೊ ಫೈಲಿನ ಸಾಲಿನಲ್ಲಿ ‘ಲೆಂಗ್ತ್’ ಅಂತ ಇರುವುದನ್ನು ನೋಡಿ ನಿಮಿಷ ತುಂಬುವವರೂ ಇದ್ದಾರೆ. ಅದು ಬೈಟುಗಳ ಲೆಕ್ಕ, ಫೈಲಿನ ಪ್ರಾಪರ್ಟೀಸಿನಲ್ಲಿ ಸಿಗುತ್ತದೆ.

ಇಷ್ಟೂ ತಪ್ಪಿದರೆ ತಿದ್ದಬಹುದು. ತಿದ್ದಲಾಗದ ತಪ್ಪೊಂದಿದೆ, ಅದನ್ನು ನಾನೇ ಮಾಡಿದ್ದೇನೆ. ಪ್ರತಿ ಕಂತಿಗೂ ಜಿಯುಐಡಿ ಅಂತ ಒಂದು ಗುರುತು ಇರುತ್ತದೆ. ಕೇಳುಗರ ಆ್ಯಪ್ ಒಂದು ಕಂತನ್ನು ಆಗಲೇ ಕಂಡಿದ್ದೇನೆಯೇ ಅಂತ ತಿಳಿಯುವುದು ಅದರಿಂದ. ನಮ್ಮ ಗಮಕ ವಾಚನದ ಫೀಡಿನಲ್ಲಿ ನಾನು ಗುರುತಿನ ಜಾಗಕ್ಕೆ ಪುಟದ ವಿಳಾಸವನ್ನೇ ಹಾಕಿದ್ದೆ. ಸೈಟು ಎಚ್‌ಟಿಟಿಪಿಎಸ್ ಆದ ದಿನ, ಎಲ್ಲಾ ಒಂದೇ ತರಹ ಇರಲಿ ಅಂತ ‘ಹುಡುಕಿ-ಬದಲಾಯಿಸು’ ಕೊಟ್ಟು ನಿಶ್ಚಿಂತೆಯಾಗಿ ಮಲಗಿದೆ. ಬೆಳಗಾಗುವಷ್ಟರಲ್ಲಿ 48 ಹಳೇ ಕಂತುಗಳು ಎಲ್ಲರ ಫೋನಿನಲ್ಲಿ ಹೊಸದಾಗಿ ಬಂದು ಕೂತಿದ್ದವು. ಗೆಳೆಯನೊಬ್ಬ ಫೋನ್ ಮಾಡಿ, ‘ಏನಯ್ಯಾ, ರಾತ್ರಿಯೆಲ್ಲ ಕೂತು ಓದಿದೆಯಾ?’ ಅಂದ. ಹಳೇ ಗುರುತು ವಾಪಸ್ ಹಾಕಿದೆ, ಆದರೆ ಅಷ್ಟರಲ್ಲಿ ಕೆಲವರ ಫೋನು ಎಲ್ಲವನ್ನೂ ಎರಡನೇ ಸಲ ಇಳಿಸಿಕೊಂಡಾಗಿತ್ತು.

ಅದಕ್ಕೇ ನೀನು ವಿಳಾಸ ಹಾಕಬೇಡ. ‘ಅಜ್ಜಿ-001’ ಅನ್ನುವಂಥ ಗುರುತು ಕೊಟ್ಟು, ಇದು ವಿಳಾಸವಲ್ಲ ಅಂತ ಟ್ಯಾಗಿನಲ್ಲೇ ತಿಳಿಸು: ‘ಈಸ್‌ಪರ್ಮಾಲಿಂಕ್’ ಅನ್ನುವಲ್ಲಿ ‘ಫಾಲ್ಸ್’. ಆಮೇಲೆ ಶೀರ್ಷಿಕೆ ತಿದ್ದು, ವಿವರಣೆ ತಿದ್ದು, ಸೈಟಿನ ಹೆಸರನ್ನೇ ಬದಲಾಯಿಸು, ಆ ಗುರುತಿನ ತಂಟೆಗೆ ಹೋಗಬೇಡ. ಹೊಸ ಕಂತು ಸೇರಿಸಲು ಹಳೇ ಕಂತನ್ನು ನಕಲು ಮಾಡಿದಾಗ ಮಾತ್ರ ಅದನ್ನು ಮರೆಯದೆ ಬದಲಾಯಿಸು. ಎರಡಕ್ಕೂ ಒಂದೇ ಗುರುತಾದರೆ ಹೊಸ ಕಥೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಪ್ರತಿ ಸಲ ಹೊಸ ಫೈಲು ಏರಿಸುವ ಮುಂಚೆ ಹಳೆಯದರ ಒಂದು ಪ್ರತಿ ತೆಗೆದಿಡು. ಡಬ್ಲ್ಯು3ಸಿಯವರ ಫೀಡ್ ವ್ಯಾಲಿಡೇಟರ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಕೊಟ್ಟರೆ ಎಷ್ಟನೇ ಸಾಲಿನಲ್ಲಿ ತಪ್ಪಿದೆ ಅಂತ ಹೇಳುತ್ತದೆ. ಅದು ಹೇಳಿದ್ದು ಅರ್ಥವಾಗದಿದ್ದರೆ ಫೈಲು ನನಗೆ ಕಳಿಸು. ರಾತ್ರಿ ಹತ್ತರ ತನಕ ಎದ್ದಿರುತ್ತೇನೆ.