ಮುಳುಗುವ ಮುನ್ನ ತಕ್ಕಡಿಯ ಲೆಕ್ಕ

ಬೆಂಗಳೂರಿನಿಂದ ಅಂಡಮಾನಿಗೆ ಸ್ವಂತ ಸ್ಕೂಬಾ ಸಲಕರಣೆ ಹೊತ್ತು ಹೊರಟವರಿಗೆ ಮೊದಲ ಪರೀಕ್ಷೆ ಚೆಕ್-ಇನ್ ಕೌಂಟರಿನ ತಕ್ಕಡಿ. ದೇಶದೊಳಗಿನ ಎಕಾನಮಿ ಟಿಕೆಟಿಗೆ ಸಾಮಾನ್ಯವಾಗಿ ಸಿಗುವುದು 15 ಕಿಲೋ. ಗಟ್ಟಿ ಚಿಪ್ಪಿನ ದೊಡ್ಡ ಸೂಟ್‌ಕೇಸ್ ಖಾಲಿಯಿದ್ದಾಗಲೇ 4-5 ಕಿಲೋ ತೂಗಿದರೆ, ಬಿಸಿಡಿ ಜಾಕೆಟ್, ವೆಟ್‌ಸೂಟ್, ಫಿನ್‌ಗಳಿಗೆ ಉಳಿಯುವುದೆಷ್ಟು? ಸಿಲಿಂಡರ್ ಮತ್ತು ಸೀಸದ ತೂಕ ಡೈವ್ ಕೇಂದ್ರದಲ್ಲೇ ಸಿಗುತ್ತವೆ, ಸದ್ಯ!

ಹಗುರವಾದ ದಪ್ಪ ಬಟ್ಟೆಯ ಡಫಲ್ ಬ್ಯಾಗೇ ಜಾಣ ಆಯ್ಕೆ. ಕೊಳ್ಳುವಾಗ ಫಿನ್‌ಗಳನ್ನೂ ಅಂಗಡಿಗೆ ಒಯ್ಯಿರಿ. ಓರೆಯಾಗಿಟ್ಟರೂ ಹಿಡಿಸದ ಚೀಲ ಎಷ್ಟು ಚೆಂದವಿದ್ದರೇನು? ಉಪ್ಪುನೀರಿಗೆ ಲೋಹದ ಜಿಪ್ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಹಲ್ಲಿನದಿರಲಿ. ಶ್ರೀ ವಿಜಯಪುರಂನಿಂದ (ಹಿಂದಿನ ಪೋರ್ಟ್ ಬ್ಲೇರ್) ಸ್ವರಾಜ್ ದ್ವೀಪಕ್ಕೆ ದೋಣಿ ಹತ್ತಬೇಕು. ಮರಳಿನಲ್ಲಿ ಚಕ್ರಗಳು ಹೂತುಹೋದಾಗ ಬೆನ್ನಿಗೇರಿಸುವ ಪಟ್ಟಿಗಳೇ ಗತಿ.

ರೆಗ್ಯುಲೇಟರ್, ಮಾಸ್ಕ್, ಡೈವ್ ಕಂಪ್ಯೂಟರ್ ಕೈಚೀಲದಲ್ಲಿರಲಿ. ಉಸಿರು ಕೊಡುವ ಸಾಧನವನ್ನು ಸಾಮಾನು ಎಸೆಯುವ ಕೈಗಳಿಗೆ ಒಪ್ಪಿಸಬೇಡಿ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳೂ ಕ್ಯಾಬಿನ್‌ನಲ್ಲೇ ಬರಬೇಕು, ತುದಿಗಳಿಗೆ ಟೇಪ್ ಸುತ್ತಿ. ಚಾಕು ಮಾತ್ರ ಕಡ್ಡಾಯವಾಗಿ ಚೆಕ್-ಇನ್ ಚೀಲಕ್ಕೆ.

ವಾಪಸಾಗುವಾಗ ಅದೇ ಚೀಲ ಭಾರವಾಗುವುದುಂಟು. ಕಾರಣ, ಒದ್ದೆ ವೆಟ್‌ಸೂಟ್. ಹಲವು ಬಾರಿ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡುವು ಕೊಡಬೇಕೆಂಬುದು ಡೈವಿಂಗ್ ವೈದ್ಯರ ಸಲಹೆ. ಆ ಬಿಡುವಿನಲ್ಲೇ ಎಲ್ಲವನ್ನೂ ಸಿಹಿನೀರಿನಲ್ಲಿ ಜಾಲಿಸಿ, ಬಿಸಿಡಿಯೊಳಗಿನ ನೀರು ಬಸಿದು, ನೆರಳಿನಲ್ಲಿ ಒಣಹಾಕಿ.