ಮತ್ತೆ ಕಣಕ್ಕಿಳಿದ ಜಾರ್ಜ್

ಮಕ್ಕಳೇ, ಜ್ವರ ಬಂದು ಹತ್ತು ದಿನ ಮಲಗಿ ಎದ್ದ ಮೇಲೆ ಶಾಲೆಯ ಮೈದಾನದಲ್ಲಿ ಓಡಿ ನೋಡಿದ್ದೀರಾ? ಅರ್ಧ ದಾರಿಯಲ್ಲೇ ಏದುಸಿರು ಬರುತ್ತದೆ. ಕಾಲು ಸೋಲುತ್ತದೆ. ಹತ್ತು ದಿನಕ್ಕೇ ಹೀಗಾದರೆ, ಹತ್ತು ವರ್ಷ ಆಟ ಬಿಟ್ಟವರ ಗತಿ ಏನು? ಅವರು ಮತ್ತೆ ಆಟಗಾರರಾಗಬಲ್ಲರೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರೊಬ್ಬರ ಕಥೆ ಇಲ್ಲಿದೆ.

ಅವರ ಹೆಸರು ಜಾರ್ಜ್ ಫೋರ್‌ಮನ್. ಅವರು 1949ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹುಟ್ಟಿದರು. ಮನೆಯಲ್ಲಿ ಕಡು ಬಡತನ. ಹೊಟ್ಟೆ ತುಂಬ ಊಟವಿಲ್ಲದ ದಿನಗಳು ಎಷ್ಟೋ. ಬೀದಿಯಲ್ಲಿ ಜಗಳವಾಡಿಕೊಂಡು ತಿರುಗುತ್ತಿದ್ದ ಹುಡುಗನಿಗೆ ಬಾಕ್ಸಿಂಗ್ ಒಳ್ಳೆಯ ದಾರಿ ತೋರಿಸಿತು. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನದ ಪದಕ ಗೆದ್ದರು. ಆಗ ಅವರಿಗೆ 19 ವರ್ಷ. 1973ರಲ್ಲಿ ಹೆವಿವೇಟ್ ವಿಭಾಗದ ವಿಶ್ವ ಚಾಂಪಿಯನ್ ಆದರು.

ಮರುವರ್ಷವೇ, 1974ರಲ್ಲಿ, ಆಫ್ರಿಕದ ಕಿನ್ಶಾಸ ನಗರದಲ್ಲಿ ಮಹಮ್ಮದ್ ಅಲಿ ಅವರೆದುರು ಸೋತರು. ಜಾರ್ಜ್ ಆ ದಿನ ಕೆಂಪು ಚಡ್ಡಿ ತೊಟ್ಟಿದ್ದರು. ಈ ಚಡ್ಡಿಯನ್ನು ನೆನಪಿಟ್ಟುಕೊಳ್ಳಿರಿ. 1977ರಲ್ಲಿ ಅವರು ಬಾಕ್ಸಿಂಗ್ ಬಿಟ್ಟು, ಹ್ಯೂಸ್ಟನ್ ನಗರದಲ್ಲಿ ಧರ್ಮಬೋಧಕರಾದರು. ತನ್ನಂತೆ ಬೀದಿಯಲ್ಲಿ ಅಲೆಯುವ ಹುಡುಗರಿಗಾಗಿ 1984ರಲ್ಲಿ ಒಂದು ಯುವಕೇಂದ್ರವನ್ನೂ ತೆರೆದರು.

ಕೆಲಸವೇನೋ ಒಳ್ಳೆಯದೇ. ಆದರೆ ದಿನನಿತ್ಯದ ಅಭ್ಯಾಸ ನಿಂತಿತ್ತು. ಊಟ ಮಾತ್ರ ಕಡಿಮೆಯಾಗಿರಲಿಲ್ಲ. ನಾವು ತಿಂದ ಆಹಾರದಿಂದ ದೇಹಕ್ಕೆ ಶಕ್ತಿ ದೊರೆಯುತ್ತದೆ. ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಕೊಬ್ಬಾಗಿ ಕೂಡಿಡುತ್ತದೆ. ಕೆಲಸವಿಲ್ಲದ ಸ್ನಾಯುಗಳು ದುರ್ಬಲವಾಗುತ್ತವೆ. ಹೃದಯವೂ ಒಂದು ಸ್ನಾಯುವೇ ತಾನೇ! ಹತ್ತು ವರ್ಷಗಳಲ್ಲಿ ಜಾರ್ಜ್ ಅವರ ತೂಕ ಸುಮಾರು 140 ಕಿಲೋಗ್ರಾಂಗೆ ಏರಿತು.

ಅಷ್ಟರಲ್ಲಿ ಯುವಕೇಂದ್ರಕ್ಕೆ ಹಣದ ಕೊರತೆಯಾಯಿತು. ಅದನ್ನು ಮುಚ್ಚಿದರೆ ಆ ಹುಡುಗರು ಮತ್ತೆ ಬೀದಿಗೆ ಹೋಗಬೇಕು. ಹಣ ಗಳಿಸಲು ಜಾರ್ಜ್ ಅವರಿಗೆ ಚೆನ್ನಾಗಿ ತಿಳಿದಿದ್ದ ವಿದ್ಯೆ ಒಂದೇ. 1987ರಲ್ಲಿ, 38ನೆಯ ವಯಸ್ಸಿನಲ್ಲಿ, ಅವರು ಮತ್ತೆ ಕಣಕ್ಕಿಳಿದರು.

ಜನ ನಕ್ಕರು. "ಮುದುಕ", "ದಢೂತಿ" ಎಂದು ಹಾಸ್ಯ ಮಾಡಿದರು. ಜಾರ್ಜ್ ಕೋಪಿಸಿಕೊಳ್ಳಲಿಲ್ಲ. ತನ್ನ ತಿಂಡಿಯ ಆಸೆಯ ಬಗ್ಗೆ ತಾನೇ ತಮಾಷೆ ಮಾಡಿ ಎಲ್ಲರನ್ನೂ ನಗಿಸಿದರು. ಆದರೆ ಅಭ್ಯಾಸದಲ್ಲಿ ತಮಾಷೆ ಇರಲಿಲ್ಲ. ದಿನವೂ ಓಡಿದರು, ಬೆವರು ಸುರಿಸಿದರು. ಮೊದಲ ಪಂದ್ಯದ ಹೊತ್ತಿಗೆ ತೂಕ ಸುಮಾರು 120 ಕಿಲೋಗ್ರಾಂಗೆ ಇಳಿದಿತ್ತು. ಮೊದಲೇ ದೊಡ್ಡ ಪಂದ್ಯಕ್ಕೆ ಕೈಹಾಕದೆ, ಸಣ್ಣ ಪಂದ್ಯಗಳಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಏರಿದರು. 1991ರಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಹೋರಾಡಿ ಸೋತರು. 1993ರಲ್ಲಿ ಇನ್ನೊಮ್ಮೆ ಸೋತರು. ಆದರೂ ಅಭ್ಯಾಸ ಬಿಡಲಿಲ್ಲ.

1994ರ ನವೆಂಬರ್ 5. ಲಾಸ್ ವೇಗಸ್ ನಗರ. ಎದುರಾಳಿ 26 ವರ್ಷದ ಚಾಂಪಿಯನ್ ಮೈಕಲ್ ಮೂರರ್. ಜಾರ್ಜ್ ಅವರಿಗೆ 45 ವರ್ಷ. ಅವರು ತೊಟ್ಟದ್ದು ಯಾವ ಚಡ್ಡಿ ಗೊತ್ತೇ? ಇಪ್ಪತ್ತು ವರ್ಷದ ಹಿಂದೆ ಸೋತ ದಿನ ತೊಟ್ಟಿದ್ದ ಅದೇ ಕೆಂಪು ಚಡ್ಡಿ! ಒಂಬತ್ತು ಸುತ್ತುಗಳವರೆಗೆ ಮೂರರ್ ಅವರೇ ಮುಂದಿದ್ದರು. ಹತ್ತನೆಯ ಸುತ್ತಿನಲ್ಲಿ ಜಾರ್ಜ್ ಬಲಗೈಯಿಂದ ಒಂದು ಗುದ್ದು ಕೊಟ್ಟರು. ಮೂರರ್ ಕೆಳಗೆ ಬಿದ್ದರು. ಹತ್ತು ಎಣಿಸುವುದರೊಳಗೆ ಏಳಲು ಅವರಿಗೆ ಆಗಲಿಲ್ಲ. ಹೆವಿವೇಟ್ ವಿಭಾಗದ ಅತಿ ಹಿರಿಯ ವಿಶ್ವ ಚಾಂಪಿಯನ್ ಎಂಬ ಹೆಸರು ಜಾರ್ಜ್ ಅವರದಾಯಿತು. 2025ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಒಂದು ಮಾತನ್ನು ಗಮನಿಸಿರಿ. ಗೆದ್ದ ದಿನವೂ ಜಾರ್ಜ್ ಅವರ ತೂಕ 110 ಕಿಲೋಗ್ರಾಂಗಿಂತ ಹೆಚ್ಚೇ ಇತ್ತು. ತಾರುಣ್ಯದ ದೇಹ ಅವರಿಗೆ ಮರಳಿ ಬರಲಿಲ್ಲ. ಮರಳಿ ಬಂದದ್ದು ಶಕ್ತಿ, ದಮ್ಮು ಮತ್ತು ಧೈರ್ಯ. ಅವೂ ಒಂದೇ ದಿನದಲ್ಲಿ ಬರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇ?

ನಿಮ್ಮ ತರಗತಿಯಲ್ಲಿ ದಪ್ಪಗಿರುವ ಗೆಳೆಯನೋ ಗೆಳತಿಯೋ ಇರಬಹುದು. ಅವರನ್ನು ನೋಡಿ ನಗಬೇಡಿ. ಆಟಕ್ಕೆ ಕರೆಯಿರಿ. ನೀವೇ ದಪ್ಪಗಿದ್ದರೆ ನಾಚಿಕೆಪಡಬೇಡಿ. ನೀವು ಬೆಳೆಯುವ ಮಕ್ಕಳು. ತೂಕ ಇಳಿಸಲೆಂದು ಊಟ ಬಿಡಬಾರದು. ದಿನಕ್ಕೆ ಒಂದು ಗಂಟೆಯಾದರೂ ಓಡಿರಿ, ಆಡಿರಿ, ಹಗ್ಗ ಜಿಗಿಯಿರಿ. ಇಂದು ಮೈದಾನಕ್ಕೆ ಒಂದೇ ಸುತ್ತು ಬರಲು ಸಾಧ್ಯವಾದರೆ ಒಂದೇ ಸಾಕು. ನಾಳೆಯೂ ಬನ್ನಿರಿ.

ಪದಗಳ ಅರ್ಥ
ಏದುಸಿರು - ಜೋರಾಗಿ, ಬೇಗಬೇಗನೆ ಬರುವ ಉಸಿರು
ಕಣ - ಸ್ಪರ್ಧೆ ನಡೆಯುವ ಜಾಗ
ದಮ್ಮು - ಆಯಾಸವನ್ನು ತಡೆದುಕೊಳ್ಳುವ ಶಕ್ತಿ
ದಢೂತಿ - ತುಂಬ ದಪ್ಪಗಿರುವವರು

ಅಭ್ಯಾಸ
1. ಜಾರ್ಜ್ ಅವರ ತೂಕ ಹೆಚ್ಚಲು ಕಾರಣವೇನು?
2. ಅವರು ಮತ್ತೆ ಕಣಕ್ಕಿಳಿದದ್ದು ಯಾರಿಗಾಗಿ?
3. ಜನ ನಕ್ಕಾಗ ಅವರು ಏನು ಮಾಡಿದರು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
4. ಅವರು ಹಳೆಯ ಕೆಂಪು ಚಡ್ಡಿಯನ್ನೇ ಏಕೆ ತೊಟ್ಟಿರಬಹುದು? ಗೆಳೆಯರೊಂದಿಗೆ ಚರ್ಚಿಸಿರಿ.
5. ಒಂದು ವಾರ ನೀವು ದಿನವೂ ಎಷ್ಟು ಹೊತ್ತು ಆಡಿದಿರಿ ಎಂದು ಬರೆದಿಡಿರಿ. ತರಗತಿಯಲ್ಲಿ ಓದಿ ಹೇಳಿರಿ.