ಒಂದೇ ಹೆಸರಿಗೆ ಎರಡು ನಮೂದು: ದತ್ತಸಂಚಯದಲ್ಲಿ ಕನ್ನಡ ಹೆಸರು ಸಿಗದಿದ್ದಾಗ ಅನುಸರಿಸಬೇಕಾದ ಕ್ರಮ

ಅಭ್ಯಾಸ ಪಾಠ: ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಲೆಕ್ಕ ಸಹಾಯಕರು ಹಾಗೂ ಡಾಟಾ ಎಂಟ್ರಿ ಆಪರೇಟರ್‌ಗಳಿಗಾಗಿ

ಪ್ರಕರಣ

ಖಾನಾಪುರ ತಾಲ್ಲೂಕಿನ ಗ್ರಾಮ ಪಂಚಾಯತಿಯೊಂದರಲ್ಲಿ ನಳ ಸಂಪರ್ಕಗಳ ವಹಿಯನ್ನು ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ನಾನೇ ಸಿದ್ಧಪಡಿಸಿದ್ದೆನು. ಒಂದು ದಿನ ವೃದ್ಧೆಯೊಬ್ಬರು ಬಾಕಿಯ ನೋಟಿಸನ್ನೂ, ಅದೇ ಅವಧಿಗೆ ಹಣ ಸಂದಾಯ ಮಾಡಿದ ರಸೀದಿಗಳನ್ನೂ ಹಿಡಿದು ಬಂದರು. ಅವರ ಹೆಸರು ಸೋನಾಬಾಯಿ ಎಂದು ಇಟ್ಟುಕೊಳ್ಳೋಣ. ಪರಿಶೀಲಿಸಲಾಗಿ, ಅವರಿಗೆ ಎರಡು ನಮೂದುಗಳಿದ್ದವು: ಬೇಡಿಕೆ ಒಂದರಲ್ಲಿ, ವಸೂಲಿ ಇನ್ನೊಂದರಲ್ಲಿ. ಹುಡುಕಿದಾಗ ಹೆಸರು ಸಿಗದ ಕಾರಣ ಆಪರೇಟರ್ ಹೊಸ ನಮೂದು ಮಾಡಿದ್ದರು. ತಪ್ಪು ಅವರದಲ್ಲ, ಹೆಸರನ್ನೇ ಗುರುತಾಗಿ ಬಳಸಿದ ನನ್ನ ವಿನ್ಯಾಸದ್ದು.

ಕಾರಣ

ಹಳೆಯ ಪಟ್ಟಿಯನ್ನು ಯೂನಿಕೋಡ್ ಅಲ್ಲದ ಅಕ್ಷರಶೈಲಿಯಿಂದ ಪರಿವರ್ತಿಸಲಾಗಿತ್ತು. ಯೂನಿಕೋಡ್‌ನಲ್ಲಿ ‘ಸೋ’ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು, ಉದಾಹರಣೆಗೆ: ‘ಸ’ಕಾರದ ಜೊತೆ ಒಂದೇ ಓಕಾರದ ಸಂಕೇತ, ಅಥವಾ ಎತ್ವ, ಊತ್ವ, ದೀರ್ಘ ಎಂಬ ಮೂರು ಬಿಡಿ ಸಂಕೇತಗಳು. ಪರದೆಯ ಮೇಲೆ ಎರಡೂ ಒಂದೇ. ಆದರೆ ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, ‘ಸೋನಾಬಾಯಿ’ ಮೊದಲ ರೂಪದಲ್ಲಿ 24 ಬೈಟ್, ಎರಡನೆಯದರಲ್ಲಿ 30 ಬೈಟ್ ಆಗುತ್ತದೆ. ನಮ್ಮ ಕೋಷ್ಟಕದಲ್ಲಿ ಬೈನರಿ ಕೊಲೇಷನ್ ಇದ್ದುದರಿಂದ ಅವು ಬೇರೆ ಬೇರೆ ಹೆಸರುಗಳೆನಿಸಿದವು.

ಪತ್ತೆ ಹಚ್ಚುವ ಕ್ರಮ

1. ಹೆಸರು ಸಿಗದಿದ್ದರೆ ಹೊಸ ನಮೂದು ಮಾಡಕೂಡದು. ಮೊದಲು ಸಂಪರ್ಕ ಸಂಖ್ಯೆಯಿಂದ ಹುಡುಕತಕ್ಕದ್ದು.

2. ‘ಲೆಂಗ್ತ್’ ಫಂಕ್ಷನ್‌ನಿಂದ ಎರಡೂ ಹೆಸರುಗಳ ಬೈಟ್‌ಗಳನ್ನು ಹೋಲಿಸತಕ್ಕದ್ದು. ಒಂದೇ ಬೈಟ್ ಹೆಚ್ಚಿದ್ದರೆ ಸಾಮಾನ್ಯವಾಗಿ ಹೆಸರಿನ ಹಿಂದೆಯೋ ಮುಂದೆಯೋ ಖಾಲಿ ಸ್ಥಳ ಉಳಿದಿರುತ್ತದೆ. 3 ಬೈಟ್ ಹೆಚ್ಚಿದ್ದರೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಸೇರಿರಬಹುದು.

3. ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ‘ಹೆಕ್ಸ್’ ಫಂಕ್ಷನ್‌ನಿಂದ ನೋಡಬೇಕು. ಪ್ರತಿ ಅಕ್ಷರಕ್ಕೂ 3ಎಫ್ ಎಂದೇ ಬಂದರೆ ಮೂಲ ಅಕ್ಷರಗಳು ನಷ್ಟವಾಗಿವೆ; ಕಾಗದದ ವಹಿ ಅಥವಾ ಹಳೆಯ ಬ್ಯಾಕಪ್ ಒಂದೇ ಆಧಾರ. ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಮಾಹಿತಿ ಉಳಿದಿರುವ ಸಂಭವವಿದೆ. ಸಂಪರ್ಕದ ಅಕ್ಷರ ಸಂಕೇತ ಕ್ರಮವನ್ನು ಪರಿಶೀಲಿಸಬೇಕು.

ಸರಿಪಡಿಸುವ ಕ್ರಮ

ಮೊದಲು ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಗಣಕಯಂತ್ರದಲ್ಲಿ ಮರುಸ್ಥಾಪಿಸಿ, ಕೆಲವು ಕನ್ನಡ ಹೆಸರುಗಳನ್ನು ಓದಿ ನೋಡಬೇಕು. ಮರುಸ್ಥಾಪಿಸಿ ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. ಬಳಿಕ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ರಸೀದಿಗಳನ್ನು ಮೂಲ ಸಂಪರ್ಕ ಸಂಖ್ಯೆಗೆ ವರ್ಗಾಯಿಸಿ, ಒಟ್ಟು ಮೊತ್ತ ತಾಳೆಯಾದ ಮೇಲೆ ಹೆಚ್ಚುವರಿ ನಮೂದನ್ನು ತೆಗೆದು, ‘ಕಮಿಟ್’ ನೀಡಬೇಕು. ತಾಳೆಯಾಗದಿದ್ದರೆ ‘ರೋಲ್‌ಬ್ಯಾಕ್’. ಕೋಷ್ಟಕ ಮೈಐಎಸ್‌ಎಎಂ ಮಾದರಿಯದಾಗಿದ್ದರೆ ರೋಲ್‌ಬ್ಯಾಕ್ ಫಲಿಸದು; ಇನ್ನೋಡಿಬಿ ಆಗಿರತಕ್ಕದ್ದು.

ಮರುಕಳಿಸದಂತೆ

ಸಂಪರ್ಕ ಸಂಖ್ಯೆಯೇ ಪ್ರೈಮರಿ ಕೀ ಆಗಿರಲಿ. ರಸೀದಿ ಕೋಷ್ಟಕವು ಫಾರಿನ್ ಕೀ ಮೂಲಕ ಅದಕ್ಕೆ ಬದ್ಧವಾಗಿರಲಿ. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ನಮ್ಮ ಗಡಿ ತಾಲ್ಲೂಕಿನಲ್ಲಿ ಒಂದೇ ಹೆಸರು ಹಲವು ಕಾಗುಣಿತಗಳಲ್ಲಿ ಬರುವುದು ಸಹಜ. ಹೆಸರು ಹುಡುಕಲು ನೆರವಾಗಬಹುದು, ಗುರುತಾಗಲಾರದು. ದಾಖಲಿಸುವ ಮುನ್ನ ಹೆಸರನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ 13ರಿಂದ ಇದಕ್ಕೆ ‘ನಾರ್ಮಲೈಸ್’ ಫಂಕ್ಷನ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ನಮೂದು ಸ್ವೀಕರಿಸುವ ತಂತ್ರಾಂಶದಲ್ಲೇ ಮಾಡಬೇಕು.

ಈ ಕ್ರಮ ಕಚೇರಿಯ ಸ್ಥಳೀಯ ವಹಿಗಳಿಗೆ ಮಾತ್ರ. ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳಲ್ಲಿನ ದೋಷಗಳನ್ನು ನಿಗದಿತ ಮಾರ್ಗದಲ್ಲೇ ವರದಿ ಮಾಡತಕ್ಕದ್ದು.

ಇಂತಹ ಜೋಡಿ ನಮೂದುಗಳು ಉಳಿದರೆ, ಬೆಳಗಾವಿಗೆ ಸಲ್ಲಿಸುವ ಬೇಡಿಕೆ-ವಸೂಲಿ-ಬಾಕಿ ತಃಖ್ತೆಯಲ್ಲಿ ಇಲ್ಲದ ಬಾಕಿ ತೋರುತ್ತದೆ. ಊರಿನಲ್ಲಿ ಹಣ ಕಟ್ಟಿದವರ ನಳ ನಿಲ್ಲುತ್ತದೆ. ಆ ವೃದ್ಧೆ ರಸೀದಿಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ಅವರ ನಳ ಉಳಿಯಿತು. ರಸೀದಿ ಕಳೆದುಕೊಂಡವರ ಪಾಲಿಗೆ ನಮ್ಮ ದಾಖಲೆಯೇ ಸಾಕ್ಷಿ. ಮುಂದಿನ ನೋಟಿಸ್ ಹೊರಡಿಸುವ ಮುನ್ನ, ಬಾಕಿದಾರರ ಪಟ್ಟಿಯನ್ನು ಸಂಪರ್ಕ ಸಂಖ್ಯೆಯೊಂದಿಗೆ ಒಮ್ಮೆ ತಾಳೆ ನೋಡಬೇಕಾಗಿ ಕೋರಲಾಗಿದೆ.